ನಾಲ್ವರಿಗೆ ಎರಡು ಲೀಟರ್

ನನಗೆ ಕಾರಿನ ಹುಚ್ಚು ಯಾವತ್ತೂ ಇರಲಿಲ್ಲ. ಕಾರು ತೆಗೆದುಕೊಂಡದ್ದು ಹಟಕ್ಕೆ. ಈಗಲೂ ನೆಂಟರ ಮನೆಯಲ್ಲಿ ಯಾರಾದರೂ, "ಆ ಕಾಲಕ್ಕೇ ಕಾರಿಟ್ಟಿದ್ರಂತಲ್ಲ ನೀವು!" ಎಂದು ಕಣ್ಣರಳಿಸಿದರೆ ನಗು ಬರುತ್ತದೆ. ಆ ಕಾರಿನ ಹಿಂದಿನ ಎಡಬಾಗಿಲು ಒಳಗಿನಿಂದ ತೆಗೆಯಲು ಬರುತ್ತಿರಲಿಲ್ಲ. ಪೆಟ್ರೋಲ್ ಮುಳ್ಳು ಕೆಟ್ಟು ಯಾವಾಗಲೂ ಅರ್ಧದಲ್ಲೇ ನಿಂತಿರುತ್ತಿತ್ತು. ಬಣ್ಣ ಒಂದು ಕಾಲದಲ್ಲಿ ಬಿಳಿ.

ಪೀಣ್ಯದ ಎರಡನೇ ಹಂತದಲ್ಲಿ ಪಂಪಿನ ಬಿಡಿಭಾಗ ಮಾಡುವ ಒಂದು ಕಾರ್ಖಾನೆ. ಅಲ್ಲಿ ಹದಿನಾರು ವರ್ಷ ನಾನು ಇನ್‌ಸ್ಪೆಕ್ಷನ್ ಟೇಬಲ್ಲಿನಲ್ಲಿದ್ದೆ. ಮೆಷಿನ್ನಿನಿಂದ ಬಂದ ಪೀಸನ್ನು ಅಳೆಯುವುದು ನನ್ನ ಕೆಲಸ. ಅಳತೆ ಸರಿ ಇದ್ದರೆ ಹಸಿರು ಟ್ರೇ. ಇನ್ನೊಮ್ಮೆ ತಿದ್ದಿದರೆ ಸರಿಹೋಗುತ್ತದೆ ಎಂದಾದರೆ ರೀವರ್ಕ್, ಅದಕ್ಕೆ ಹಳದಿ ಟ್ರೇ. ಯಾವುದಕ್ಕೂ ಬಾರದ್ದರ ಮೇಲೆ ಕೆಂಪು ಬಣ್ಣದಲ್ಲಿ ಒಂದು ಗೀಟೆಳೆದು ಕೆಂಪು ಡಬ್ಬಿಗೆ ಎಸೆಯುವುದು. ಇಷ್ಟೇ. ಆದರೆ ಈ ಇಷ್ಟರಲ್ಲಿ ನನ್ನನ್ನು ಮೀರಿಸುವವರು ಆ ಶೆಡ್ಡಿನಲ್ಲಿ ಯಾರೂ ಇರಲಿಲ್ಲ, ಜಂಬ ಎಂದುಕೊಂಡರೂ ಸರಿ.

ತುಮಕೂರು ರಸ್ತೆಯುದ್ದಕ್ಕೂ ಮೇಲ್ಸೇತುವೆಯ ಕಂಬಗಳು ಏಳುತ್ತಿದ್ದ ಕಾಲ ಅದು. ಒಂದು ಸೋಮವಾರ ಕಾರ್ಖಾನೆ ಜಾಗ ಬದಲಾಯಿಸುತ್ತದೆ ಎಂದರು. ಮಾದನಾಯಕನಹಳ್ಳಿಯ ಹತ್ತಿರ, ಮುಖ್ಯರಸ್ತೆಯಿಂದ ನಾಲ್ಕು ಕಿಲೋಮೀಟರ್ ಒಳಗೆ. ಅಲ್ಲಿಗೆ ಬಸ್ಸಿಲ್ಲ, ಬೆಳಗಿನ ಹೊತ್ತು ಶೇರ್ ಆಟೊ ಇಲ್ಲ, ಕಂಪನಿ ವ್ಯಾನೂ ಇಲ್ಲ. ಎಂಟಕ್ಕೆ ಸರಿಯಾಗಿ ಗೇಟಿನಲ್ಲಿರಬೇಕು. ನಾವು ಹನ್ನೊಂದು ಜನ ಹೆಂಗಸರು. ಮ್ಯಾನೇಜರ್ ನಮ್ಮನ್ನಷ್ಟೇ ಕರೆದು ಒಂದೊಂದು ಇಂಗ್ಲಿಷ್ ಪತ್ರ ಮುಂದಿಟ್ಟ. ಓಡಾಟದ ವ್ಯವಸ್ಥೆ ನಮ್ಮದೇ ಜವಾಬ್ದಾರಿ. ಮೊದಲ ಮೂರು ತಿಂಗಳಲ್ಲಿ ಮೂರು ಸಲ ತಡವಾಗಿ ಬಂದರೆ ಸ್ವಂತ ಇಚ್ಛೆಯಿಂದ ರಾಜೀನಾಮೆ ಕೊಟ್ಟಂತೆ ಎಂದು ಬರೆದಿತ್ತು.

"ಗಂಡಸ್ರಿಗೂ ಈ ಲೆಟರ್ ಇದ್ಯಾ ಸಾರ್?" ಎಂದು ಕೇಳಿದೆ.

"ಅವ್ರತ್ರ ಬೈಕಿದೆ ಕಣಮ್ಮಾ. ನಿಮ್ ಒಳ್ಳೇದಕ್ಕೇ ಹೇಳ್ತಿರೋದು. ಸುಮ್ನೆ ಸೆಟಲ್‌ಮೆಂಟ್ ತಗೊಂಡು ಮನೇಲಿ ಆರಾಮಾಗಿರಿ."

ಮನೆಯಲ್ಲಿ ಆರಾಮ! ಇಂಥ ಮಾತು ಹೇಳುವವರ ಮನೆಯಲ್ಲಿ ಪಾತ್ರೆ ತೊಳೆಯುವವರು ಯಾರು ಎಂದು ಕೇಳಬೇಕೆನಿಸಿತು. ಏಳು ಜನ ಸೆಟಲ್‌ಮೆಂಟ್ ತೆಗೆದುಕೊಂಡರು. ಅವರನ್ನು ನಾನು ಬೈಯುವುದಿಲ್ಲ, ಅವರವರ ಕಷ್ಟ ಅವರವರಿಗೆ. ನಾಲ್ಕು ಜನ ಆ ಪತ್ರಕ್ಕೆ ಸಹಿ ಹಾಕಿದೆವು.

ನಾನೊಬ್ಬಳು. ಅಸೆಂಬ್ಲಿಯ ದೊಡ್ಡಕ್ಕ, ನಮ್ಮಲ್ಲಿ ಹಿರಿಯಳು, ದಾಸರಹಳ್ಳಿ ಇನ್ನೂ ಹೊಲಗದ್ದೆಯಾಗಿದ್ದಾಗಲೇ ಅಲ್ಲಿ ಹುಟ್ಟಿದವಳು. ಪ್ಯಾಕಿಂಗಿನಲ್ಲಿ ವಿಜಯಪುರದ ಕಡೆಯವಳು; ಗಂಡ ಸೆಂಟ್ರಿಂಗ್ ಕೆಲಸಕ್ಕೆ ಬಂದಾಗ ಜೊತೆಗೆ ಬಂದವಳು, ಮೊಣಕಾಲು ಮುಟ್ಟುವ ಜಡೆ. ನಾಲ್ಕನೆಯವಳು ಸ್ಟೋರ್ಸಿನವಳು. ಅವಳ ಗಂಡ ಆಗಲೇ ಕೆಲಸ ಬಿಡು ಬಿಡು ಎಂದು ದಿನಾ ತಲೆ ತಿನ್ನುತ್ತಿದ್ದ. ಖರ್ಚು ಒಂದು ಚೂರು ಹೆಚ್ಚಾದರೂ ಅವಳು ಮನೆಯಲ್ಲಿ ಉಳಿಯಬೇಕು.

ಕಾರು ಓಡಿಸಲು ನನಗೆ ಬರುತ್ತಿತ್ತು. ನಮ್ಮ ಯಜಮಾನರು ಟೆಂಪೊ ಡ್ರೈವರ್. ಮದುವೆಯಾದ ಹೊಸದರಲ್ಲಿ ಬೈದು ಬೈದು ಕಲಿಸಿದ್ದರು, ಲೈಸೆನ್ಸನ್ನೂ ಮಾಡಿಸಿದ್ದರು. ರಾಜಾಜಿನಗರದಲ್ಲಿ ನಮ್ಮ ಕಾರ್ಖಾನೆಯಿಂದಲೇ ರಿಟೈರಾದ ಹಿರಿಯರೊಬ್ಬರ ಪುಟ್ಟ ಕಾರು ಹೊಂಗೆಮರದ ಕೆಳಗೆ ಎರಡು ವರ್ಷದಿಂದ ಹೂವು ಉದುರಿಸಿಕೊಂಡು ನಿಂತಿತ್ತು. ಮಂಡಿನೋವಿನಿಂದ ಅವರಿಗೆ ಓಡಿಸಲಾಗುತ್ತಿರಲಿಲ್ಲ. "ತಗೊಂಡೋಗಮ್ಮಾ, ಗುಜರಿಯವನು ಕೊಡೋದಕ್ಕಿಂತ ಸ್ವಲ್ಪ ಜಾಸ್ತಿ ಕೊಡು ಸಾಕು," ಎಂದರು. ನನ್ನ ಎರಡು ಬಳೆ ಹೋದವು, ಕಾರು ಬಂತು.

ನಾಲ್ವರೂ ಕೂತು ಮಾತಾಡಿಕೊಂಡೆವು. ನಮ್ಮ ಮನೆಯಿದ್ದ ಲಗ್ಗೆರೆಯಿಂದ ಹೊಸ ಕಾರ್ಖಾನೆಗೆ ಹದಿನೆಂಟು ಕಿಲೋಮೀಟರ್. ಹೋಗಿ ಬಂದರೆ ಮೂವತ್ತಾರು. ತಲೆಗೆ ದಿನಕ್ಕೆ ಅರ್ಧ ಲೀಟರ್ ಪೆಟ್ರೋಲ್, ಅಷ್ಟು ಮಾತ್ರ ಎಲ್ಲರ ಕೈಲೂ ಆಗುತ್ತದೆ. ಅಲ್ಲಿಗೆ ನಾಲ್ವರಿಗೆ ಎರಡು ಲೀಟರ್. ಕಾರು ಲೀಟರಿಗೆ ಹದಿನೆಂಟು ಕೊಡಲೇಬೇಕು. ಕೊಡದಿದ್ದರೆ ಸ್ಟೋರ್ಸಿನವಳು ಇಳಿಯುತ್ತಾಳೆ, ಮಿಕ್ಕವರ ಪಾಲು ಹೆಚ್ಚಾಗುತ್ತದೆ, ಆಮೇಲೆ ವಿಜಯಪುರದವಳು ಇಳಿಯುತ್ತಾಳೆ. ಒಬ್ಬಳು ಇಳಿದರೆ ನಾಲ್ವರ ಕೆಲಸವೂ ಹೋದಂತೆ.

ಮ್ಯಾನೇಜರ್ ಕಾರು ನೋಡಿದ ದಿನ ಎಲ್ಲರೆದುರಿಗೆ ನಕ್ಕ. "ಎರಡು ಜಡೆ ಸೇರಲ್ಲ ಅಂತಾರೆ. ಇಲ್ಲಿ ನಾಲ್ಕು ಜಡೆ ಒಂದೇ ಡಬ್ಬಾದಲ್ಲಿ! ಒಂದ್ ವಾರ ನೋಡ್ರಪ್ಪಾ."

ಅವನ ನಾಲಿಗೆಯಲ್ಲಿ ಮಚ್ಚೆ ಇತ್ತೋ ಏನೋ, ಮೊದಲ ವಾರದಲ್ಲೇ ಕಾರು ಕೈ ಕೊಟ್ಟಿತು. ಇಡೀ ವಾರಕ್ಕೆಂದು ಹಾಕಿಸಿದ ಪೆಟ್ರೋಲ್ ಗುರುವಾರ ಬೆಳಿಗ್ಗೆಯೇ ಖಾಲಿಯಾಗಿ, ಮಾದಾವರದ ಹತ್ತಿರ ಕೆಮ್ಮಿ ಕೆಮ್ಮಿ ನಿಂತಿತು. ಕ್ಯಾನು ಹಿಡಿದು ಬಂಕಿಗೆ ಓಡಿ ಬರುವಷ್ಟರಲ್ಲಿ ಎಂಟೂಕಾಲು. ನಾಲ್ವರಿಗೂ ಮೊದಲನೇ ಲೇಟು ಬಿತ್ತು. ಹಿಂದಿನ ದಿನಗಳ ಓಟ ಲೆಕ್ಕ ಹಾಕಿದರೆ ಲೀಟರಿಗೆ ಹತ್ತು.

ಭಾನುವಾರ ರಿಂಗ್ ರೋಡಿನ ಪಕ್ಕದ ತಗಡಿನ ಶೆಡ್ಡಿನ ಮೆಕ್ಯಾನಿಕ್ ಹತ್ತಿರ ಹೋದೆ. ಹಳೆಯ ಮಾಲೀಕರೂ ಅವನಲ್ಲೇ ಸರ್ವಿಸ್ ಮಾಡಿಸುತ್ತಿದ್ದವರು. ಅವನು ಬಾನೆಟ್ಟಿಗೆ ಪ್ರೀತಿಯಿಂದ ತಟ್ಟಿದ.

"ವಯಸ್ಸಾಗಿದೆ ಅಕ್ಕ ಗಾಡಿಗೆ. ಮುದುಕಿ. ಇಷ್ಟು ಕುಡಿಯೋದೇ. ಮಾರಿಬಿಡಿ."

"ಹಾಗಂತ ಏನೂ ನೋಡ್ದೆ ಹೇಳ್ತೀರಾ? ಬಿಚ್ಚಿ ನೋಡಣ್ಣ."

ಕಾರ್ಬುರೇಟರ್ ಬಿಚ್ಚಿ ಅದರೊಳಗಿನ ಜೆಟ್ ತೆಗೆದ. ಜೆಟ್ ಎಂದರೆ ಕಡಲೆಕಾಳಿನಷ್ಟು ಗಾತ್ರದ ಹಿತ್ತಾಳೆ ಬಿರಡೆ. ನಡುವೆ ಒಂದು ಸಣ್ಣ ತೂತು. ಎಂಜಿನ್ನಿಗೆ ಹೋಗುವ ಪೆಟ್ರೋಲ್ ಆ ತೂತಿನಿಂದಲೇ ಹೋಗಬೇಕು. ಅವನು ಕ್ಲಚ್ ಕೇಬಲ್ಲಿನಿಂದ ಒಂದು ಉಕ್ಕಿನ ಎಳೆ ಕಿತ್ತು ತೂತಿನೊಳಗೆ ತುರುಕಿ ಗರಗರ ಆಡಿಸತೊಡಗಿದ.

"ಅದೇನಣ್ಣ ಮಾಡ್ತಿರೋದು?"

"ಕಸ ತೆಗೀತಿದ್ದೀನಕ್ಕ. ಪ್ರತಿ ಸರ್ವಿಸ್‌ಗೂ ಹಿಂಗೇ. ಹತ್ತು ವರ್ಷದಿಂದ ಈ ಗಾಡಿಗೆ ನಂದೇ ಕೈ."

ಹಿತ್ತಾಳೆ ಮೆತ್ತಗಿನ ಲೋಹ, ಉಕ್ಕು ಗಟ್ಟಿ. ಹತ್ತು ವರ್ಷ ಉಕ್ಕಿನಿಂದ ತಿವಿದರೆ ಆ ತೂತಿನ ಗತಿ ಏನು? ಅವನ ಕೈಯಿಂದ ಜೆಟ್ ಕಸಿದುಕೊಂಡು ಕರ್ಚೀಫಿನಲ್ಲಿ ಕಟ್ಟಿದೆ. ಕಾರು ಒಂದು ದಿನ ಅಲ್ಲೇ ನಿಂತಿತು. ಸೋಮವಾರ ಯಜಮಾನರು ಟೆಂಪೊದಲ್ಲೇ ನಮ್ಮನ್ನು ಬಿಟ್ಟುಬಂದರು, ದಾರಿಯುದ್ದಕ್ಕೂ ಗೊಣಗಿದರು.

ಊಟದ ಹೊತ್ತಿನಲ್ಲಿ, ಎಲ್ಲರಿಗೂ ಕಾಣುವ ಹಾಗೆ, ನನ್ನ ಟೇಬಲ್ಲಿನ ಮೇಲೆಯೇ ಜೆಟ್ ಇಟ್ಟೆ. ತೂತುಗಳನ್ನು ಅಳೆಯಲು ನಮ್ಮಲ್ಲಿ ಪಿನ್ ಗೇಜುಗಳಿದ್ದವು. ಉಕ್ಕಿನ ನುಣುಪಾದ ಕಡ್ಡಿಗಳು, ಒಂದಕ್ಕಿಂತ ಒಂದು ಕೂದಲೆಳೆಯಷ್ಟು ದಪ್ಪ. ಕಡ್ಡಿ ಒಳಗೆ ಹೋದರೆ ತೂತು ಅದಕ್ಕಿಂತ ದೊಡ್ಡದು ಎಂದರ್ಥ. ಜೆಟ್ಟಿನ ತಲೆಯ ಮೇಲೆ ತೂತಿನ ಅಳತೆ ಕೊರೆದಿತ್ತು. ಆ ಅಳತೆಯ ಪಿನ್ ಜಾರಿ ಒಳಗೆ ಹೋಗಿ ಲೊಡಲೊಡ ಎಂದಿತು. ಅದರ ಮೇಲಿನದು ಹೋಯಿತು. ಅದರ ಮೇಲಿನದೂ ಹೋಯಿತು. ಮಸೂರದಲ್ಲಿ ನೋಡಿದರೆ ತೂತು ದುಂಡಗೂ ಉಳಿದಿರಲಿಲ್ಲ, ಕೋಳಿಮೊಟ್ಟೆಯಂತೆ ಆಗಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಕೆಡಿಸಿದವನು ತಾನು, ಬೈಸಿಕೊಂಡದ್ದು ಮುದುಕಿ. ಆ ಮೆಕ್ಯಾನಿಕ್ ಎದುರಿಗೆ ಇದ್ದಿದ್ದರೆ ಉಗಿದು ಉಪ್ಪಿನಕಾಯಿ ಹಾಕುತ್ತಿದ್ದೆ.

ಮ್ಯಾನೇಜರ್ ಹಿಂದೆ ಬಂದು ನಿಂತಿದ್ದ. "ಏನಮ್ಮಾ ಇದು, ಕಂಪನಿ ಗೇಜಲ್ಲಿ ಮನೆ ಕೆಲ್ಸ? ಮೆಮೊ ಕೊಡ್ಲಾ?"

"ಕೊಡಿ ಸಾರ್. ಊಟದ ಟೈಮಲ್ಲಿ ಲೇಡೀಸ್ ಊಟ ಬಿಟ್ಟು ಅಳತೆ ನೋಡ್ತಿದ್ರು ಅಂತಾನೂ ಬರೀರಿ."

ಅವನು ಬರೆಯಲಿಲ್ಲ. ಅದೇ ಗೇಜುಗಳಲ್ಲಿ ಅವನು ತನ್ನ ಸ್ವಂತ ಬೈಕಿನ ಬಿಡಿಭಾಗ ಅಳೆಸಿಕೊಂಡದ್ದನ್ನು ನಾನು ನೋಡಿದ್ದೆ ಎಂಬುದು ಅವನಿಗೆ ಗೊತ್ತಿತ್ತು. ಮಾಡೋದೆಲ್ಲ ಅನಾಚಾರ, ಮನೆ ಮುಂದೆ ಬೃಂದಾವನ.

ಸಂಜೆ ಪೀಣ್ಯದ ಹಳೆಯ ಗಲ್ಲಿಗೆ ಹೋದೆ. ಅಲ್ಲಿ ಒಂದೇ ಲೇಥ್ ಮೆಷಿನ್ ಇಟ್ಟುಕೊಂಡು ಬಿಡಿ ಕೆಲಸ ಮಾಡಿಕೊಡುವ ಒಬ್ಬ ತಮಿಳು ಹಿರಿಯರಿದ್ದರು. ಹಿತ್ತಾಳೆಯಲ್ಲಿ ಇಂಥದೇ ಜೆಟ್ ಬೇಕು, ತೂತು ಮಾತ್ರ ತಲೆಯ ಮೇಲೆ ಕೊರೆದಿರುವ ಅಳತೆಗೆ ಎಂದೆ.

"ಎಷ್ಟು ಸಾವಿರ ಪೀಸು ಮೇಡಂ?"

"ಒಂದು."

"ಒಂದು ಸಾವಿರ?"

"ಒಂದೇ ಒಂದು. ಒಂದು ಜೆಟ್ಟು."

ಕನ್ನಡಕ ಹಣೆಗೇರಿಸಿ ನನ್ನನ್ನು ನೋಡಿದರು. ಆಮೇಲೆ ಏನನ್ನಿಸಿತೋ, ಲೇಥ್ ಶುರು ಮಾಡಿದರು. ಮೊದಲ ಎರಡನ್ನು ನಾನೇ ಬೇಡ ಎಂದೆ, ತೂತು ಒಂದು ಕೂದಲು ಹೆಚ್ಚು. "ಐಯೋ, ನೀವು ಇನ್‌ಸ್ಪೆಕ್ಷನ್ನಾ? ಮೊದ್ಲೇ ಹೇಳ್ಬೇಕಲ್ಲ ತಾಯಿ!" ಎಂದು ತಲೆ ಚಚ್ಚಿಕೊಂಡರು. ಮೂರನೆಯದು ಸರಿಯಾಗಿ ಬಂತು. ಅವರದೇ ಗೇಜುಗಳಲ್ಲಿ ಆ ಅಳತೆಯ ಪಿನ್ ಬಿಗಿಯಾಗಿ ಒಳಗೆ ಹೋಯಿತು, ಮೇಲಿನದು ಬಾಗಿಲಲ್ಲೇ ನಿಂತಿತು. ಕಾಸು ಕೇಳಲಿಲ್ಲ, ಕಾಫಿ ಕುಡಿಸಿ ಕಳಿಸಿದರು.

ಅಲ್ಲಿಗೆ ನಿಲ್ಲಲಿಲ್ಲ. ಕಾರಿನ ಚಾವಣಿಯ ಮೇಲಿನ ಕಬ್ಬಿಣದ ಕ್ಯಾರಿಯರ್ ಬಿಚ್ಚಿ ಗುಜರಿಗೆ ಹಾಕಿದೆ. ಗಾಲಿಯನ್ನು ಜಾಕಿನಲ್ಲಿ ಎತ್ತಿ ಕೈಯಲ್ಲಿ ತಿರುಗಿಸಿದರೆ ಹಿಂದಿನದು ಅಲ್ಲಾಡಲಿಲ್ಲ. ಬ್ರೇಕು ಕಚ್ಚಿಕೊಂಡೇ ಓಡುತ್ತಿತ್ತು. ಯಜಮಾನರು ಅದನ್ನು ಸಡಿಲಿಸಿಕೊಟ್ಟರು, ಈ ಸಲ ಗೊಣಗಲಿಲ್ಲ. ಗಾಳಿ ತುಂಬಿಸಿದೆ, ಫಿಲ್ಟರ್ ಬದಲಿಸಿದೆ. ಮುಂದಿನ ಭಾನುವಾರ ನಾಲ್ವರೂ ಊಟದ ಡಬ್ಬಿಗಳ ಸಮೇತ ಕೂತು, ಟ್ಯಾಂಕು ಖಾಲಿ ಮಾಡಿ ಅಳೆದು ಒಂದೇ ಒಂದು ಲೀಟರ್ ಹಾಕಿ, ಅದು ಮುಗಿದು ನಿಲ್ಲುವವರೆಗೆ ತುಮಕೂರು ರಸ್ತೆಯಲ್ಲಿ ಓಡಿಸಿದೆವು. ಹದಿನೇಳು ದಾಟಿತು. ಹದಿನೆಂಟು ದಾಟಿತು. ವಿಜಯಪುರದವಳು, "ನಡಿ ನಮ್ಮವ್ವಾ, ಇನ್ನೊಂದೀಟು ನಡಿ!" ಎಂದು ಡ್ಯಾಶ್‌ಬೋರ್ಡ್ ಸವರುತ್ತಿದ್ದಳು. ಹತ್ತೊಂಬತ್ತರ ಹತ್ತಿರ ನಿಂತಾಗ ದೊಡ್ಡಕ್ಕ ರಸ್ತೆ ಬದಿಯಲ್ಲೇ ಕಾರಿಗೆ ನಿವಾಳಿಸಿ ಮಣ್ಣು ಎಸೆದಳು. ಮುದುಕಿಯಂತೆ ಮುದುಕಿ!

ಆಮೇಲೆ ಎರಡೂವರೆ ತಿಂಗಳು ಕಾರು ಗಡಿಯಾರದ ಹಾಗೆ ನಡೆಯಿತು. ಒಂದು ದಿನ ಮೇಲ್ಸೇತುವೆಯ ಕ್ರೇನು ರಸ್ತೆಗೆ ಅಡ್ಡ ನಿಂತು ಎರಡನೇ ಲೇಟು ಬಿತ್ತು. ಬೈಕಿನ ಗಂಡಸರೂ ಅವತ್ತು ತಡವಾಗಿ ಬಂದಿದ್ದರು. ಅವರ ಹೆಸರು ಯಾವ ಪುಸ್ತಕಕ್ಕೂ ಏರಲಿಲ್ಲ. ಅಲ್ಲಿಂದಾಚೆಗೆ ನಾವು ಕಾಲು ಗಂಟೆ ಮುಂಚೆಯೇ ಹೊರಡತೊಡಗಿದೆವು.

ಮೂರು ತಿಂಗಳು ತುಂಬಲು ಎರಡೇ ದಿನ ಇತ್ತು. ಶುಕ್ರವಾರ. ಮಾದಾವರ ದಾಟಿದ್ದೇ ಕಾರು ಎರಡು ಸಲ ಮುಗ್ಗರಿಸಿ ನಿಂತುಹೋಯಿತು. ಏಳೂ ಇಪ್ಪತ್ತೈದು. ಪೆಟ್ರೋಲ್ ಇತ್ತು, ಹಿಂದಿನ ಸಂಜೆಯೇ ಹಾಕಿಸಿದ್ದೆ. ಬಾನೆಟ್ ತೆಗೆದು, ಕಾರ್ಬುರೇಟರಿನ ಕೆಳಗಿನ ಬಿರಡೆ ಬಿಚ್ಚಿ ಜೆಟ್ ಹೊರತೆಗೆದೆ. ಅಷ್ಟು ಹೊತ್ತಿಗೆ ನನಗೆ ಅದು ಕಣ್ಣು ಮುಚ್ಚಿ ಮಾಡುವ ಕೆಲಸವಾಗಿತ್ತು. ತೂತಿನೊಳಗೆ ಬಿಳಿಯ ಮೇಣದಂಥದ್ದು ಕೂತಿತ್ತು. ಮೂಗಿಗೆ ಹಿಡಿದರೆ ದೇವಸ್ಥಾನದ ವಾಸನೆ.

ತಿರುಗಿ ನೋಡಿದೆ. ದೊಡ್ಡಕ್ಕನ ಮುಖ ಇಳಿದುಹೋಗಿತ್ತು.

"ಕರ್ಪೂರ ಆಕ್ದೆ ಕಣವ್ವಾ, ಟ್ಯಾಂಕಿಗೆ. ನಿನ್ನೆ ಸಂಜೆ. ನಮ್ ಬೀದೀಲಿ ಏಳ್ತಿದ್ರು, ಅಂಗೆ ಆಕುದ್ರೆ ಮೈಲೇಜು ಜಾಸ್ತಿ ಬತ್ತದೆ ಅಂತ. ದ್ಯಾವ್ರಿಗೆ ಅಚ್ಚೋದೇ ಅಲ್ವಾ, ಕೆಟ್ಟದೇನಾಯ್ತದೆ ಅಂದ್ಕಂಡೆ."

"ಎಷ್ಟು ಹಾಕ್ದೆ?"

"ಒಂದ್ ಪ್ಯಾಕೆಟ್ಟು."

ಅಯ್ಯೋ ಶಿವನೇ! ಅಂಗಡಿಯ ಅಗ್ಗದ ಕರ್ಪೂರದಲ್ಲಿ ಅರ್ಧಕ್ಕರ್ಧ ಮೇಣ. ಎರಡು ದಿನ ತಡೆದಿದ್ದರೆ ಸಾಕಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬಾರದ ಹಾಗಾಯಿತು. ಬಾಯಿಟ್ಟು ಊದಿದೆ. ಪೆಟ್ರೋಲ್ ನಾಲಿಗೆ ಸುಟ್ಟಿತೇ ಹೊರತು ಮೇಣ ಜಗ್ಗಲಿಲ್ಲ. ಸ್ಟೋರ್ಸಿನವಳು ಸೆರಗಿನ ಪಿನ್ ಬಿಚ್ಚಿ ನನ್ನ ಮುಖಕ್ಕೆ ಹಿಡಿದಳು.

"ಚುಚ್ಚೇ! ಏನ್ ನೋಡ್ತಾ ನಿಂತಿದ್ದೀಯ, ಚುಚ್ಚು!"

"ಪಿನ್ನು ಹಾಕಿದ್ರೆ ತೂತು ದೊಡ್ಡದಾಗುತ್ತೆ. ನಾಳೆಯಿಂದ ಮತ್ತೆ ಹತ್ತಕ್ಕೇ ಬರುತ್ತೆ. ಮೊದ್ಲು ಇಳಿಯೋಳು ನೀನೇ."

"ನಾಳೆದು ನಾಳೆಗೆ! ಇವತ್ತು ಕೆಲ್ಸ ಹೋಗ್ತಿದೆ ಕಣೆ! ನಮ್ ನಾಲ್ಕು ಜನದ್ದೂ ಹೋಗ್ತಿದೆ! ನಿನ್ ಅಳತೆಗೆ ಬೆಂಕಿ ಬೀಳ!"

ಅವಳು ಅಳುತ್ತಿದ್ದಳು. ಅವಳು ಹೇಳಿದ್ದು ಸುಳ್ಳೂ ಅಲ್ಲ. ಪಿನ್ ಕೈಗೆ ತೆಗೆದುಕೊಂಡೆ. ಅದರ ತುದಿ ತೂತಿನ ಬಾಯಿಗೂ ಹೋಯಿತು. ಆ ಮೆಕ್ಯಾನಿಕ್ಕಿನ ಗರಗರ ಕಿವಿಯಲ್ಲಿ ಕೇಳಿತು. ಇವತ್ತು ಚುಚ್ಚಿದರೆ ಸೋಮವಾರದ ಹೊತ್ತಿಗೆ ಈ ಕಾರಿನಲ್ಲಿ ಇಬ್ಬರೇ. ಮ್ಯಾನೇಜರಿಗೆ ಬೇಕಾದದ್ದೂ ಅದೇ. ಪಿನ್ ಎಸೆದುಬಿಟ್ಟೆ. ಮೆತ್ತಗಿನದು ಏನಾದರೂ ಬೇಕು, ಹಿತ್ತಾಳೆಗಿಂತ ಮೆತ್ತಗಿನದು ಎಂದು ಗಟ್ಟಿಯಾಗಿಯೇ ಒದರುತ್ತಿದ್ದೆ. ದಾರ ಒದ್ದೆಯಾದರೆ ಮಡಚಿಕೊಳ್ಳುತ್ತದೆ, ಕಡ್ಡಿ ದಪ್ಪ.

ವಿಜಯಪುರದವಳು ಜಡೆ ಮುಂದಕ್ಕೆ ಎಳೆದುಕೊಂಡಳು. "ಅಕ್ಕಾ, ಕೂದ್ಲಾ ನಡೀತೈತೇನು ನೋಡ್ರಿ." ನಾನು ಉತ್ತರ ಕೊಡುವ ಮೊದಲೇ ಏಳೆಂಟು ಕೂದಲು ಬುಡಸಮೇತ ಕಿತ್ತಳು. ಕಣ್ಣಲ್ಲಿ ನೀರು ತುಂಬಿಕೊಂಡೇ ನನ್ನ ಕೈಗಿಟ್ಟಳು.

ಎಣ್ಣೆ ಹಚ್ಚಿದ ಕೂದಲು, ಉದ್ದಕ್ಕೆ ತಂತಿಯಂತೆ. ಹೊಸೆದು ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ ತೂತಿಗೆ ಇಟ್ಟೆ. ಒಂದು ಸಲ ಬಗ್ಗಿತು. ಎರಡನೇ ಸಲವೂ ಬಗ್ಗಿತು. ದೊಡ್ಡಕ್ಕ ತನ್ನ ಅಂಗೈಯಲ್ಲಿ ಜೆಟ್ ಬಿಗಿಯಾಗಿ ಹಿಡಿದುಕೊಂಡಳು, ಸ್ಟೋರ್ಸಿನವಳು ಮೂಗೊರೆಸಿಕೊಂಡು ಬಿಸಿಲಿಗೆ ಅಡ್ಡವಾಗಿ ನಿಂತಳು. ಮೂರನೇ ಸಲ ತುದಿ ಆಚೆ ಕಡೆ ಇಣುಕಿತು. ಹಿಡಿದು ಮೆಲ್ಲಗೆ ಹಿಂದೆ ಮುಂದೆ ಎಳೆದೆ, ಹಲ್ಲುಜ್ಜಿದ ಹಾಗೆ. ಮೇಣದ ಒಂದು ಚೂರು ಹೊರಬಂತು, ಆಮೇಲೆ ಇನ್ನೊಂದು. ಬೆಳಕಿಗೆ ಹಿಡಿದರೆ ತೂತಿನ ಆಚೆ ಆಕಾಶ, ದುಂಡಗೆ, ಅಂಚು ಕೆಡದೆ.

ಕಾರ್ಬುರೇಟರಿನ ಬಟ್ಟಲಿನಲ್ಲಿದ್ದ ಪೆಟ್ರೋಲ್ ಚೆಲ್ಲಿ ಜೆಟ್ ಕೂರಿಸಿದೆ. ಗೇಟು ಮುಟ್ಟಿದರೆ ಸಾಕು, ಟ್ಯಾಂಕು ಸಂಜೆ ತೊಳೆದರಾಯಿತು. ಏಳೂ ನಲವತ್ತೈದು. ಮೊದಲ ಸಲಕ್ಕೆ ಶುರುವಾಗಲಿಲ್ಲ. ಎರಡನೆಯದಕ್ಕೆ ಕೆಮ್ಮಿ, ಒಂದು ಸಲ ಮೈಕೊಡವಿ, ಮುದುಕಿ ಎದ್ದಳು. ನಾವು ನಾಲ್ವರೂ ಕಿರುಚಿದ್ದಕ್ಕೆ ಪಕ್ಕದಲ್ಲಿ ಹೋಗುತ್ತಿದ್ದ ಲಾರಿಯವನು ಬೆದರಿ ಹಾರನ್ ಹೊಡೆದ.

ಗೇಟಿನಲ್ಲಿ ಮ್ಯಾನೇಜರ್ ಸ್ವತಃ ನಿಂತಿದ್ದ. ಬೈಕಿನಲ್ಲಿ ನಮ್ಮನ್ನು ದಾಟಿಬಂದ ಯಾರೋ ಸುದ್ದಿ ಕೊಟ್ಟಿರಬೇಕು. ಲೇಟಿನ ಪುಸ್ತಕ ತೆರೆದಿತ್ತು, ಪೆನ್ನಿನ ಮುಚ್ಚಳವೂ ತೆಗೆದಿತ್ತು. ಮೇಲಿನ ಗಡಿಯಾರದಲ್ಲಿ ಎಂಟಕ್ಕೆ ಇನ್ನೂ ಎರಡು ನಿಮಿಷ. ನನ್ನ ಬಾಯಿಂದ ಪೆಟ್ರೋಲ್ ವಾಸನೆ ಹೊಡೆಯುತ್ತಿತ್ತು, ಕೈಯೆಲ್ಲ ಮಸಿ, ವಿಜಯಪುರದವಳ ಅರ್ಧ ಜಡೆ ಬಿಚ್ಚಿತ್ತು.

"ಪೆನ್ನು ಮುಚ್ಚಿ ಸಾರ್," ಎಂದೆ. "ಇಂಕು ಒಣಗೋಗುತ್ತೆ."

ಮೂರು ತಿಂಗಳು ತುಂಬಿದ ಮರುದಿನ ನಾಲ್ವರೂ ಅವನ ಕೋಣೆಗೆ ಹೋಗಿ ನಮ್ಮ ಪತ್ರಗಳನ್ನು ಕೇಳಿದೆವು. ಯಾವ ಪತ್ರ ಎಂದ. ಸ್ಟೋರ್ಸಿನವಳು, "ಎಡಗಡೆ ಡ್ರಾಯರ್ ಸಾರ್, ನೀಲಿ ಫೈಲು," ಎಂದಳು. ಅವಳ ಸ್ಟೋರ್ಸಿನಿಂದಲೇ ಹೋಗಿದ್ದ ಫೈಲು ಅದು. ಅವನು ತೆಗೆದು ಕೊಡಲೇಬೇಕಾಯಿತು. ನಮ್ಮ ಹಿಂದೆಯೇ ನನ್ನ ಟೇಬಲ್ಲಿನವರೆಗೆ ಬಂದ.

ನಾಲ್ಕು ಪತ್ರಗಳನ್ನು ಸಾಲಾಗಿ ಇಟ್ಟೆ. ಕೆಂಪು ಪೇಂಟಿನಲ್ಲಿ ಬ್ರಷ್ ಅದ್ದಿ, ಒಂದೊಂದರ ಮೇಲೂ ಮೂಲೆಯಿಂದ ಮೂಲೆಗೆ ಒಂದೊಂದು ಗೀಟೆಳೆದೆ.

"ಏನಮ್ಮಾ ಇದು?"

"ನನ್ ಕೆಲ್ಸ ಸಾರ್," ಎಂದೆ. "ಅಳತೆ ನೋಡ್ದೆ. ಇವು ರೀವರ್ಕಿಗೂ ಬರಲ್ಲ."

ನಾಲ್ಕನ್ನೂ ಕೆಂಪು ಡಬ್ಬಿಗೆ ಹಾಕಿ, ಟ್ರೇಯಲ್ಲಿ ಕಾಯುತ್ತಿದ್ದ ಮುಂದಿನ ಪೀಸ್ ಕೈಗೆತ್ತಿಕೊಂಡೆ.